ಯಾವ ಔಷಧಿಗೂ ಕೊರತೆಯಿಲ್ಲ

ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಯಂತ್ರ ಗುಂಯ್‌ಗುಡುವ ಗೋಡೆಗೆ ಬೆನ್ನು ಕೊಟ್ಟು, ಭಾಷಾಂತರದಮ್ಮ ಹತ್ತೊಂಬತ್ತು ವರ್ಷಗಳಿಂದ ಕೂತಿದ್ದಳು. ಮೇಲಿನಿಂದ ಬರುವ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಕೆಳಗೆ ಸಾಲುಗಟ್ಟಿ ನಿಲ್ಲುವ ಜನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಡುವೆ ಇವಳು. ಸುತ್ತೋಲೆಗಳು, ಔಷಧಿಯ ಪೊಟ್ಟಣದೊಳಗಿನ ಚೀಟಿ, ಆಪರೇಷನ್ನಿಗೆ ಮುಂಚೆ ರೋಗಿಯ ಕಡೆಯವರು ಸಹಿ ಹಾಕುವ ಒಪ್ಪಿಗೆ ಪತ್ರ, ಎಲ್ಲವೂ ಇವಳ ಕೈ ದಾಟಿಯೇ ಕೆಳಗಿಳಿಯಬೇಕು. ‘ಎಕ್ಸ್‌ರೇ ಕೋಣೆ ಎಡಕ್ಕೆ’ ಎಂಬುದೂ ಇವಳದೇ, ‘ಇಲ್ಲಿ ಉಗುಳಿದವರೇ ಒರೆಸತಕ್ಕದ್ದು’ ಎಂಬುದೂ ಇವಳದೇ. ಎರಡನೆಯದು ಗೋಡೆಯೇರಿದ ಮೇಲೆ ಮೆಟ್ಟಿಲು ಎಷ್ಟೋ ಚೊಕ್ಕಟವಾಯಿತೆಂದು ಕಸ ಗುಡಿಸುವವರು ಇವಳನ್ನು ಕಂಡಾಗಲೆಲ್ಲ ಹಲ್ಲು ಬಿಡುತ್ತಿದ್ದರು.

ಇವಳ ಮಾತಿಗೆ ಬಣ್ಣ ಹಚ್ಚುವವನು ಇವಳ ತಮ್ಮ. ಬೋರ್ಡ್ ಬರೆಯುವುದೇ ಅವನ ಕಸುಬು. ಸುತ್ತಲಿನ ಬೀದಿಗಳಲ್ಲಿ ‘ಪೇಂಟರ್’ ಎಂದರೆ ಅವನೇ. ಆಸ್ಪತ್ರೆಯ ಬೋರ್ಡುಗಳ ಕೆಲಸವೂ ಅವನ ಪಾಲಿಗೇ ಬರುತ್ತಿತ್ತು. ಅಕ್ಕ ಬರೆದುಕೊಟ್ಟ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಏಣಿ ಹತ್ತುವನು, ಸ್ಕೇಲು ಹಿಡಿಯದೆ ಗೆರೆ ಎಳೆಯುವನು. ಅವನ ಗೆರೆಯನ್ನು ಸ್ಕೇಲಿಟ್ಟು ನೋಡಿದವರು ಸ್ಕೇಲೇ ಸೊಟ್ಟಗಿದೆಯೇನೋ ಎಂದು ಅನುಮಾನಪಡಬೇಕು, ಹಾಗಿರುತ್ತಿತ್ತು.

ಆದರೆ ಆ ಏಣಿ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಹದಿನಾಲ್ಕನೆಯ ವಯಸ್ಸಿಗೆ ಫಿಟ್ಸ್ ಶುರುವಾಗಿತ್ತು. ಅದು ಅವನಿಂದ ಶಾಲೆ ಬಿಡಿಸಿತು, ಸೈಕಲ್ ಬಿಡಿಸಿತು, ಮಾತುಕತೆ ಮುಗಿದಿದ್ದ ಮದುವೆಯನ್ನೂ ಬಿಡಿಸಿತು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನೂ ತನ್ನ ಮದುವೆಯ ಮಾತೆತ್ತಲಿಲ್ಲ. ಯಾರಾದರೂ ಕೇಳಿದರೆ, “ಮನೇಲಿ ಒಬ್ಬ ಗಂಡಸನ್ನ ಸಂಭಾಳಿಸೋದೇ ಸಾಕಾಗಿದೆ” ಎಂದು ನಕ್ಕು ಮುಗಿಸುತ್ತಿದ್ದಳು. ಹದಿನೆಂಟು ವರ್ಷ ಹತ್ತೆಂಟು ಮದ್ದು ಮಾಡಿ ಸುಸ್ತಾದ ಮೇಲೆ, ಕೊನೆಗೊಮ್ಮೆ ಒಂದು ಮಾತ್ರೆ ಹಿಡಿಯಿತು. ಸಣ್ಣ ಬಿಳಿ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಆಮೇಲೆ ಒಂಬತ್ತು ವರ್ಷ ಅವನು ಒಮ್ಮೆಯೂ ಬಿದ್ದಿರಲಿಲ್ಲ. ತೀರ ಹಳೆಯ ಔಷಧಿ ಅದು. ಹೊರಗಿನ ಅಂಗಡಿಯವರು ಇಡುವುದನ್ನೇ ಬಿಟ್ಟಿದ್ದರು. ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಯಲ್ಲಿ ತಿಂಗಳಿಗೊಮ್ಮೆ ಚೀಟಿ ತೋರಿಸಿದರೆ ಕೊಡುತ್ತಿದ್ದರು.

ಆ ಸೋಮವಾರ ಬಂದ ಕಾಗದ ಎರಡೇ ಸಾಲಿನದು. ಔಷಧಿ ಸಿಗುತ್ತಿಲ್ಲವೆಂಬ ಗುಲ್ಲು ಹಬ್ಬಿ ಕಿಟಕಿಯ ಮುಂದೆ ನೂಕುನುಗ್ಗಲು ಶುರುವಾಗಿತ್ತು. ಜನರ ಗಾಬರಿ ಇಳಿಸಲು ಗೇಟಿನ ಬಳಿ ಒಂದು ಬೋರ್ಡು ಹಾಕಬೇಕು, ಅದಕ್ಕೆ ಈ ಇಂಗ್ಲಿಷ್ ವಾಕ್ಯ. ಭಾಷಾಂತರದಮ್ಮ ಓದಿದಳು, ಮತ್ತೊಮ್ಮೆ ಓದಿದಳು.

ಎದುರು ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಅವಳಿಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು, ಈಗ ಬಿ.ಪಿ. ನೋಡಿಸಿಕೊಳ್ಳಲು ಸೋಮವಾರ ಸೋಮವಾರ ಬಂದು, ಹಳೆಯ ಶಿಷ್ಯೆಯ ಫ್ಯಾನಿನ ಕೆಳಗೆ ಒಂದು ಗಂಟೆ ಕಳೆದು ಹೋಗುತ್ತಿದ್ದರು.

“ಮೇಷ್ಟ್ರೇ, ನಮ್ಮ ಆಸ್ಪತ್ರೆಯ ಔಷಧಿಗಳಿಗೆ ಸಾವೇ ಇಲ್ಲವಂತೆ. ಹಾಗಂತ ಬೋರ್ಡ್ ಹಾಕಿಸಬೇಕಂತೆ,” ಎಂದು ಕಾಗದ ಅವರ ಮುಂದೆ ಹಿಡಿದಳು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿ, ಹೊಟ್ಟೆ ಕುಣಿಯುವಂತೆ ನಕ್ಕರು. “ಟೈಪ್ ಮಾಡಿದೋರು ಒಂದು ಅಕ್ಷರ ನುಂಗಿದಾರೆ. ಮಧ್ಯೆ ಆರ್ ಇರಬೇಕಿತ್ತು. ಡೆತ್ ಅಲ್ಲಮ್ಮ ಇದು, ಡರ್ತ್.”

“ಡರ್ತ್ ಅಂದ್ರೆ ಕೊರತೆ, ಅಭಾವ. ಅಷ್ಟು ನೀವೇ ಹೇಳಿಕೊಟ್ಟಿದ್ರಿ.”

“ಅರ್ಥ ಹೇಳಿದ್ದೆ. ಹುಟ್ಟು ಹೇಳಿರಲಿಲ್ಲ.” ಮೇಷ್ಟ್ರು ಕುರ್ಚಿಯಲ್ಲಿ ಸರಿಯಾಗಿ ಕೂತರು. ಪಾಠ ಶುರುವಾಯಿತೆಂದು ಅವಳಿಗೆ ಗೊತ್ತಾಯಿತು. “ಕಾಗದ ಬರೆಯೋವಾಗ ಮೊದಲು ಡಿಯರ್ ಅಂತ ಹಾಕ್ತೀವಲ್ಲ, ಆ ಡಿಯರ್‌ನ ಮಗಳು ಈ ಡರ್ತ್. ವಾರ್ಮ್‌ನಿಂದ ವಾರ್ಮ್ತ್ ಆಗಲ್ವಾ, ಡೀಪ್‌ನಿಂದ ಡೆಪ್ತ್? ಹಾಗೇ ಇದೂ.”

“ಪ್ರೀತಿಯಿಂದ ಕೊರತೆ ಹುಟ್ತಾ ಮೇಷ್ಟ್ರೇ?”

“ಡಿಯರ್ ಅಂದ್ರೆ ಪ್ರೀತಿಯದ್ದು ಅಂತಲೂ ಹೌದು, ತುಟ್ಟಿಯದ್ದು ಅಂತಲೂ ಹೌದು. ಹಿಂದಿನ ಕಾಲದಲ್ಲಿ ಅವರಲ್ಲಿ ಬೆಳೆ ಕೈಕೊಟ್ರೆ ಕಾಳು ತುಟ್ಟಿ ಆಗೋದು. ಆ ತುಟ್ಟಿ ಕಾಲಕ್ಕೆ ಡರ್ತ್ ಅಂದ್ರು. ಹಾಗೇ ಬರಗಾಲಕ್ಕೂ ಅದೇ ಹೆಸರಾಯ್ತು. ಬರ್ತಾ ಬರ್ತಾ ಏನು ಸಾಲದೆ ಬಂದ್ರೂ ಅದೇ ಮಾತು.”

ಅವಳಿಗೆ ಖುಷಿಯಾಯಿತು. ಪದಗಳ ವಿಷಯಕ್ಕೆ ಅವಳು ಈಗಲೂ ಶಾಲೆಯ ಹುಡುಗಿಯೇ. “ನಮ್ಮಲ್ಲೂ ಅಪರೂಪ ಅಂತೀವಲ್ಲ. ಎಲ್ಲೂ ಸಿಗದೇ ಇರೋದೂ ಅಪರೂಪ, ಮುದ್ದಿನ ಮಗನೂ ಅಪರೂಪದ ಮಗ.”

“ಭೇಷ್! ಇನ್ನೊಂದು ತಮಾಷೆ ಕೇಳು. ನಮಗೆ ಬೇಕಾಗಿರೋದಕ್ಕೆ ಮಾತ್ರ ಡರ್ತ್ ಬರೋದು. ಸೊಳ್ಳೆಗಳ ಡರ್ತ್ ಅಂತ ಯಾವನೂ ಬರೆಯಲ್ಲ. ಮತ್ತೆ ಆಫೀಸಿನ ಕಾಗದದಲ್ಲಿ ಅದು ಒಂಟಿಯಾಗಿ ಓಡಾಡೋದೇ ಇಲ್ಲ, ಮುಂದೊಂದು ‘ನೋ’ ಇದ್ದೇ ಇರುತ್ತೆ. ನೋ ಡರ್ತ್ ಆಫ್ ಅಕ್ಕಿ, ನೋ ಡರ್ತ್ ಆಫ್ ಸೀಮೆಎಣ್ಣೆ. ನಾನಂತೂ ಪೇಪರಲ್ಲಿ ನೋ ಡರ್ತ್ ಅಂತ ಓದಿದ ದಿನ ಮನೇಲಿ ಡಬ್ಬಿಗಳ ಮುಚ್ಚಳ ತೆಗೆದು ನೋಡ್ಕೋತಿದ್ದೆ.”

ಮೇಷ್ಟ್ರು ನಗುತ್ತಲೇ ಎದ್ದು ಹೋದರು. ಅವಳು ‘ಈ ಆಸ್ಪತ್ರೆಯಲ್ಲಿ ಯಾವ ಔಷಧಿಗೂ ಕೊರತೆಯಿಲ್ಲ. ಸಾರ್ವಜನಿಕರು ಗಾಬರಿಯಾಗಬಾರದು’ ಎಂದು ಬರೆದಳು. ಬರೆದು ಪೆನ್ನು ಮುಚ್ಚಿದಳು. ಆದರೆ ಮೇಷ್ಟ್ರ ಕೊನೆಯ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡತೊಡಗಿತು. ತಡೆಯಲಾರದೆ ನೆಲಮಾಳಿಗೆಯ ಔಷಧಿ ಸ್ಟೋರಿಗೆ ಇಳಿದಳು.

ಸ್ಟೋರಿನವನು ಬಾಯಿಬಡುಕ. ಇಡೀ ಆಸ್ಪತ್ರೆಯ ಸುದ್ದಿ ಅವನ ಹತ್ತಿರ ಬಿಡಿಬಿಡಿಯಾಗಿ ಸಿಗುತ್ತಿತ್ತು. ಅವತ್ತು ಮಾತ್ರ ಅವಳನ್ನು ಕಂಡು ತಲೆ ತಗ್ಗಿಸಿದ.

“ಫಿಟ್ಸ್ ಮಾತ್ರೆ ಎಷ್ಟಿದೆ?” ಎಂದಳು.

“ಅಕ್ಕಾ, ನೀವಾಗಿದ್ದಕ್ಕೆ ತೋರಿಸ್ತೀನಿ. ಎಲ್ಲೂ ಬಾಯಿ ಬಿಡಬೇಡಿ.” ಅವನು ಒಂದು ಕಪಾಟಿನ ಮುಂದೆ ನಿಂತು ಎದುರಿನ ಸಾಲಿನ ರಟ್ಟಿನ ಡಬ್ಬವನ್ನು ಬೆರಳಿನಿಂದ ತಳ್ಳಿದ. ಅದು ಹಗುರಾಗಿ ಹಿಂದಕ್ಕೆ ಜಾರಿತು. ಒಳಗೆ ಏನೂ ಇರಲಿಲ್ಲ. “ಬರಿ ಡಬ್ಬ ಜೋಡಿಸಿಟ್ಟಿದೀನಿ. ನೋಡೋಕೆ ಬಂದೋರಿಗೆ ತುಂಬಿದ ಹಾಗೆ ಕಾಣಲಿ ಅಂತ. ತಿಂಗಳಿಗೆ ಹನ್ನೊಂದು ಡಬ್ಬ ಬೇಕು, ತುಂಬಿರೋದು ಎರಡೇ. ಫ್ಯಾಕ್ಟರೀಲಿ ಏನೋ ಕೆಟ್ಟಿದೆಯಂತೆ. ಹತ್ತು ದಿನದಲ್ಲಿ ಬರುತ್ತೆ ಅಂತ ಬರೆದಿದಾರೆ.”

“ಬರುತ್ತಲ್ಲ, ಹಾಗಾದ್ರೆ?”

“ಹೋದ ತಿಂಗಳೂ ಹತ್ತು ದಿನ ಅಂತಾನೇ ಬರೆದಿದ್ರು.”

ಅವಳು ಮೇಲೆ ಬಂದು ತನ್ನ ವಾಕ್ಯಕ್ಕೆ ‘ಸದ್ಯಕ್ಕೆ’ ಎಂಬ ಒಂದು ಪದ ಸೇರಿಸಿ ದೊಡ್ಡ ಡಾಕ್ಟರ ಕೋಣೆಗೆ ತಾನೇ ತೆಗೆದುಕೊಂಡು ಹೋದಳು. ಆಸ್ಪತ್ರೆಯನ್ನು ನಡೆಸುತ್ತಿದ್ದವರು ಅವರು. ಓದಿದರು. ಪೆನ್ನಿನ ತುದಿ ‘ಸದ್ಯಕ್ಕೆ’ಯ ಮೇಲೆ ನಿಂತಿತು.

“ಇದು ಎಲ್ಲಿಂದ ಬಂತಮ್ಮ? ಇಂಗ್ಲಿಷಲ್ಲಿ ಇಲ್ಲವಲ್ಲ.”

“ಇಲ್ಲ ಸಾರ್. ಸ್ಟೋರಲ್ಲಿ ಮಾತ್ರೆನೂ ಇಲ್ಲವಲ್ಲ.”

ಬೈಯುತ್ತಾರೆಂದುಕೊಂಡಳು. ಅವರು ಕನ್ನಡಕ ತೆಗೆದಿಟ್ಟು ಕಣ್ಣು ಉಜ್ಜಿಕೊಂಡರು. “ಇಲ್ಲ ಅಂತ ಬರೆದ್ರೆ ಏನಾಗುತ್ತೆ, ನೀವೇ ಹೇಳಿ. ನಾಳೆ ಬೆಳಿಗ್ಗೆ ತೋಳಲ್ಲಿ ಬಲ ಇರೋರು ಮೂರು ಮೂರು ತಿಂಗಳಿಂದು ಹೊತ್ಕೊಂಡು ಹೋಗ್ತಾರೆ. ಕೈಲಾಗದೋರು ಸಾಲಿನ ಕೊನೇಲಿ ನಿಂತಿರ್ತಾರೆ. ಈ ವಾಕ್ಯ ನಾನು ಬರೆದಿದ್ದಲ್ಲ, ಮೇಲಿನಿಂದ ಬಂದಿದ್ದು. ಎಲ್ಲಾ ಆಸ್ಪತ್ರೆಗೂ ಇದೇ ಹೋಗಿದೆ. ದಿನಾ ಫೋನ್ ಮಾಡ್ತಿದೀನಿ, ದಿನಾ ಹೂಂ ಅಂತಾರೆ. ಇನ್ನೇನು ಮಾಡಲಿ?”

ಅವರು ‘ಸದ್ಯಕ್ಕೆ’ಯನ್ನು ಹೊಡೆದುಹಾಕಿ ಸಹಿ ಮಾಡಿದರು. “ಈ ವಿಷಯ ನಮ್ಮಲ್ಲೇ ಇರಲಿ,” ಎಂದರು, ಅಪ್ಪಣೆಯ ದನಿಯಲ್ಲಲ್ಲ, ಕೇಳಿಕೊಳ್ಳುವ ದನಿಯಲ್ಲಿ.

ಅಕ್ಕ ತಮ್ಮ ಇದ್ದದ್ದು ಮೂರು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅವತ್ತು ಸಂಜೆ ಮನೆಗೆ ಹೋದವಳೇ ಕಪಾಟಿನಿಂದ ತಗಡಿನ ಬಿಸ್ಕತ್ತಿನ ಡಬ್ಬಿ ಇಳಿಸಿ ನೋಡಿದಳು. ದಿನದಿನಕ್ಕೆ ನುಂಗುವ ಮಾತ್ರೆಯ ಪಟ್ಟಿಗಳು ಬೇರೆ. ಇದು ಕಷ್ಟಕಾಲಕ್ಕೆಂದು ತಮ್ಮ ಕೂಡಿಟ್ಟದ್ದು. ಆರು ಪಟ್ಟಿಗಳಿದ್ದವು, ಪೂರ್ತಿ ಒಂದು ತಿಂಗಳಿಗಾಗುವಷ್ಟು. ಹೋದ ಜೀವ ಬಂದಂತಾಯಿತು.

“ಏನಕ್ಕ ಹುಡುಕ್ತಿದೀಯ?” ಎಂದ ತಮ್ಮ, ಕೈಗೆ ಸೀಮೆಎಣ್ಣೆ ಹಚ್ಚಿ ಬಣ್ಣ ಬಿಡಿಸಿಕೊಳ್ಳುತ್ತ.

ಆ ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಇವನು ಯೋಚನೆ ಹಚ್ಚಿಕೊಳ್ಳುತ್ತಾನೆ, ಯೋಚನೆ ಹಚ್ಚಿಕೊಂಡರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆಂದು ಡಾಕ್ಟರು ನೂರು ಸಲ ಎಚ್ಚರಿಸಿದ್ದರು. ಹೇಗೂ ಡಬ್ಬಿಯಲ್ಲಿ ಒಂದು ತಿಂಗಳಿಗಿದೆ, ಹತ್ತು ದಿನದಲ್ಲಿ ಮಾಲು ಬರುತ್ತದೆ. ಇವನ ತಲೆಗೇಕೆ ಹುಳ ಬಿಡಬೇಕು?

“ಏನಿಲ್ಲ, ಸೂಜಿ ದಾರ,” ಎಂದಳು. ಚೀಟಿ ಅವನ ಕೈಗೆ ಕೊಟ್ಟಳು.

ಅವನು ಓದಿ, “ಕೊರತೆಯಿಲ್ಲ ಅನ್ನೋದನ್ನ ನೀಲೀಲಿ ಬರೀಲಾ, ಕೆಂಪಲ್ಲಿ ಬರೀಲಾ?” ಎಂದ.

“ಯಾವುದರಲ್ಲಾದ್ರೂ ಬರಿ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ನೀಲಿಯಲ್ಲಿ ಬರೆದ. ಗೇಟಿನ ಪಕ್ಕ, ಬಸ್ಸಿಳಿದವರಿಗೆ ಮೊದಲು ಕಾಣುವ ಹಾಗೆ, ಆಳೆತ್ತರದ ತಗಡಿನ ಬೋರ್ಡು. ನಿಜಕ್ಕೂ ನೂಕುನುಗ್ಗಲು ಇಳಿಯಿತು. ದೊಡ್ಡ ಡಾಕ್ಟರು ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ತಲೆಯಾಡಿಸಿದರು. ಅವಳು ದಿನಾ ಬೆಳಿಗ್ಗೆ ಮೂರನೆಯ ಮಹಡಿಗೆ ಹತ್ತುವ ಮುಂಚೆ ನೆಲಮಾಳಿಗೆಗೆ ಇಳಿದು ಸ್ಟೋರಿನವನ ಮುಖ ನೋಡುತ್ತಿದ್ದಳು. ಅವನು ದಿನಾ ಅಂಗೈ ಬಿಚ್ಚಿ ತೋರಿಸುತ್ತಿದ್ದ. ಹತ್ತು ದಿನ ಹೋಯಿತು, ಇಪ್ಪತ್ತು ಹೋಯಿತು.

ತಿಂಗಳ ಕೊನೆಯ ದಿನ ಮಧ್ಯಾಹ್ನ ತಮ್ಮ ಮೂರು ಮಹಡಿ ಹತ್ತಿ ಅವಳ ಕೋಣೆಗೆ ಬಂದ. ಉಗುರುಗಳಲ್ಲಿ ಹಳದಿ ಬಣ್ಣ ಒಣಗಿತ್ತು.

“ಅಕ್ಕ, ಕಿಟಕೀಲಿ ಮಾತ್ರೆ ಇಲ್ಲ ಅಂದ್ರು. ಬೋರ್ಡ್ ನೋಡಿ ಸ್ವಾಮಿ ಅಂದೆ. ನೀನೇ ಬರೆದಿದ್ದಲ್ವಾ, ನೀನೇ ಹೋಗಿ ನೋಡ್ಕೋ ಅಂತಾನೆ.”

ಅವಳು ಗಾಬರಿ ತೋರಿಸಿಕೊಳ್ಳಲಿಲ್ಲ. “ಇರಲಿ ಬಿಡು. ಒಂದೆರಡು ದಿನ ತಡ ಆಗಿರಬೇಕು. ಡಬ್ಬೀಲಿ ಇದೆಯಲ್ಲ, ಅದರಿಂದ ತಗೋ.”

ಅವನು ಉಗುರಿನ ಬಣ್ಣ ಕೆರೆಯತೊಡಗಿದ. “ಡಬ್ಬೀಲಿ ಇಲ್ಲ ಅಕ್ಕ.”

“ಇಲ್ಲ ಅಂದ್ರೆ? ಆರು ಪಟ್ಟಿ ನಾನೇ ನೋಡಿದೀನಿ.”

“ಕೊಟ್ಟುಬಿಟ್ಟೆ.”

ಅವನು ತಪ್ಪು ಮಾಡಿದ ಮಗುವಿನ ಹಾಗೆ ನಿಂತೇ ಹೇಳಿದ. ಮೂರು ವಾರದ ಹಿಂದೆ ಗೇಟಿನ ಬೋರ್ಡಿಗೆ ಅಂಚಿನ ಗೆರೆ ಎಳೆಯುತ್ತಿದ್ದನಂತೆ. ಒಬ್ಬ ಹೆಂಗಸು ಸಣ್ಣ ಹುಡುಗಿಯನ್ನು ಕಟ್ಟಿಕೊಂಡು ಕಿಟಕಿಯಿಂದ ವಾಪಸು ಬಂದು, ಏಣಿಯ ಬುಡದಲ್ಲಿ ನಿಂತು ಬೋರ್ಡು ಓದಿಸಿಕೊಂಡು ಅಳಲು ಶುರು ಮಾಡಿದಳಂತೆ. ಹುಡುಗಿಗೆ ಅದೇ ಫಿಟ್ಸ್, ಅದೇ ಮಾತ್ರೆ. ಕಿಟಕಿಯವನು ಮುಂದಿನ ವಾರ ಬಾ ಎಂದಿದ್ದ.

“ಎರಡು ದಿನ ಬಸ್ಸಲ್ಲಿ ಬಂದಿದ್ಲು ಅಕ್ಕ. ಆ ಮಗು ಹಣೆ ತುಂಬ ಗಾಯ. ನಾನು ಬೀಳ್ತಿದ್ದಾಗ ನನ್ನ ಹಣೆ ಹೇಗಿತ್ತೋ ಹಾಗೇ ಇತ್ತು. ಒಂದು ನಿಮಿಷ ಇರಮ್ಮ ಅಂತ ಮನೆಗೋಡಿ ತಂದುಕೊಟ್ಟೆ.”

“ಎಲ್ಲಾನೂ ಕೊಟ್ಟೆಯಾ? ಒಂದೆರಡು ಪಟ್ಟಿ ಕೊಟ್ರೆ ಆಗ್ತಿರಲಿಲ್ವೇನೋ?”

“ಅವಳು ಮತ್ತೆ ಮತ್ತೆ ಬರೋಕಾಗುತ್ತಾ? ನನಗೇನು, ಆಸ್ಪತ್ರೆ ಮೂರು ಬೀದಿ ಆಚೆ. ಕೊರತೆಯಿಲ್ಲ ಅಂತ ನೀನೇ ಬರೆದಿದ್ದೀಯಲ್ಲ. ಬೇರೆಯೋರು ಬರೆದಿದ್ರೆ ಯೋಚನೆ ಮಾಡ್ತಿದ್ನೇನೋ. ನೀನು ಸುಳ್ಳು ಬರೀತೀಯಾ?”

ಲಿಫ್ಟು ಗೋಡೆಯ ಹಿಂದೆ ಏರಿತು, ಇಳಿಯಿತು.

“ಈಗ ನಿನ್ನ ಹತ್ತಿರ ಎಷ್ಟಿದೆ?” ಎಂದು ಕೊನೆಗೆ ಕೇಳಿದಳು.

“ನಾಲ್ಕು.”

ಅಲ್ಲಿಂದ ಮುಂದಿನ ದಿನಗಳನ್ನು ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಕಳೆದಳು. ಸ್ಟೋರಿನವನು ಖಾಲಿ ಡಬ್ಬಗಳನ್ನೆಲ್ಲ ಬೋರಲು ಹಾಕಿ ಕೊಡವಿ, ಕಪಾಟಿನ ಹಿಂದೆ ಕೈ ಹಾಕಿ, ಏಳು ಮಾತ್ರೆ ಹೆಕ್ಕಿಕೊಟ್ಟ. ಕೊಡುವಾಗ ಅವನ ಕಣ್ಣು ಒದ್ದೆಯಾಗಿತ್ತು. ಊರಿನ ಔಷಧಿ ಅಂಗಡಿಗಳನ್ನು ಒಂದೂ ಬಿಡದೆ ಸುತ್ತಿದಳು. “ಆ ಮಾತ್ರೇನಾ? ಅದು ಈಗೆಲ್ಲಿ ಬರುತ್ತಮ್ಮ” ಎಂದರು ಕೆಲವರು, ಕೆಲವರು ಹೆಸರು ಕೇಳಿಯೇ ಇರಲಿಲ್ಲ. ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿದಳು. ಅಲ್ಲಿ ಎತ್ತಿಕೊಂಡವರು ಎಲ್ಲರೂ, ಬರೆದಿಟ್ಟದ್ದನ್ನು ಓದುವವರ ಹಾಗೆ, ನಮ್ಮಲ್ಲಿ ಯಾವ ಔಷಧಿಗೂ ಕೊರತೆಯಿಲ್ಲ ಎಂದರು. ಹಾಗಾದರೆ ಇಪ್ಪತ್ತು ಮಾತ್ರೆ ಕೊಡಿ ಎಂದರೆ, ಅದೊಂದು ಬಿಟ್ಟು ಎಂದರು. ಮೇಷ್ಟ್ರು ವಿಷಯ ತಿಳಿದು, ತಮ್ಮ ಹಳೆಯ ಶಿಷ್ಯರಲ್ಲಿ ಯಾರು ಯಾರು ಡಾಕ್ಟರಾಗಿದ್ದಾರೆಂದು ಪಟ್ಟಿ ಮಾಡಿಕೊಂಡು ಹನ್ನೆರಡು ಕಾಗದ ಬರೆದರು. ಎರಡಕ್ಕೆ ಉತ್ತರ ಬಂತು. ಎರಡರಲ್ಲೂ ವಿಷಾದವಿತ್ತು.

ದೊಡ್ಡ ಡಾಕ್ಟರು ಅವಳ ಮುಂದೆಯೇ ಫೋನ್ ಎತ್ತಿ ಮೇಲಿನವರೊಂದಿಗೆ ಜಗಳವಾಡಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಫೋನ್ ಇಟ್ಟ ಮೇಲೆ ಅವಳ ಮುಖ ನೋಡಲಿಲ್ಲ.

ಫಿಟ್ಸ್ ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. “ಇದು ಮೈಗೆ ಹತ್ತೋಕೆ ಮೂರು ನಾಲ್ಕು ವಾರ ಬೇಕು. ಸಣ್ಣದಾಗಿ ಶುರು ಮಾಡಿ ಏರಿಸಬೇಕು. ಹಳೇದನ್ನ ಏಕಾಏಕಿ ನಿಲ್ಲಿಸೋ ಹಾಗಿಲ್ಲ.”

“ನಾವು ನಿಲ್ಲಿಸ್ತಿಲ್ಲ ಡಾಕ್ಟ್ರೇ. ಅದೇ ನಿಲ್ತಾ ಇದೆ.”

“ಗೊತ್ತಮ್ಮ,” ಎಂದರು ಡಾಕ್ಟರು. “ಅರ್ಧರ್ಧ ಮಾಡಿ ಕೊಡಿ. ಎಷ್ಟು ದಿನ ಎಳೆಯೋಕಾಗುತ್ತೋ ಎಳೀರಿ.”

ಹನ್ನೊಂದು ಮಾತ್ರೆಯನ್ನು ಅವಳು ಚಾಕುವಿನ ತುದಿಯಿಂದ ಅರ್ಧರ್ಧ ಮಾಡಿದಳು. ಅರ್ಧ ಮಾಡುವಾಗ ಉದುರಿದ ಪುಡಿಯನ್ನೂ ಬೆರಳಿಗೆ ಅಂಟಿಸಿ ಅವನ ನಾಲಿಗೆಗೆ ಹಚ್ಚುತ್ತಿದ್ದಳು. ಏಣಿಯನ್ನು ಇಸ್ತ್ರಿ ಅಂಗಡಿಯ ಹಿಂದೆ ಹಾಕಿಸಿ ಸರಪಳಿ ಬಿಗಿಸಿದಳು. ಅವನು ತಕರಾರು ಮಾಡಲಿಲ್ಲ. ಕಿಟಕಿಯ ಬಳಿ ಕೂತು ಸಣ್ಣ ಸಣ್ಣ ಹಲಗೆಗಳ ಮೇಲೆ ಮನೆ ನಂಬರು ಬರೆಯುತ್ತಿದ್ದ. ಅವಳು ರಜೆ ಹಾಕಿ ಅವನ ಎದುರೇ ಕೂತಳು, ಕಣ್ಣಲ್ಲಿ ಕಣ್ಣಿಟ್ಟು.

“ಹೀಗೆ ನೋಡ್ತಾ ಕೂತ್ರೆ ನನಗೆ ಗೆರೆ ಸೊಟ್ಟ ಬರುತ್ತೆ ಕಣೇ ಅಕ್ಕ,” ಎಂದು ಅವನು ನಗಿಸಲು ನೋಡಿದ. ಅವಳು ನಕ್ಕಳು. ನಗುತ್ತಲೇ ಅವನ ಬೆರಳುಗಳನ್ನು ನೋಡುತ್ತಿದ್ದಳು, ನಡುಕವಿದೆಯೇ ಎಂದು.

ಕೊನೆಯ ಅರ್ಧ ಮುಗಿದು ಮೂರನೆಯ ದಿನ ಬೆಳಿಗ್ಗೆ, ಚಹಾದ ಲೋಟ ಎತ್ತುತ್ತಿದ್ದವನು ಅರ್ಧದಲ್ಲಿ ನಿಲ್ಲಿಸಿದ. ಮುಖದಲ್ಲಿ ಏನೋ ಕೇಳಿಸಿಕೊಳ್ಳುತ್ತಿರುವವನ ಭಾವ. ಒಂಬತ್ತು ವರ್ಷವಾಗಿದ್ದರೂ ಆ ಭಾವವನ್ನು ಅವಳು ಮರೆತಿರಲಿಲ್ಲ. “ತಮ್ಮಾ” ಎಂದು ಎದ್ದಳು. ಅಷ್ಟರಲ್ಲಿ ಲೋಟ ಬಿತ್ತು, ಅವನೂ ಬಿದ್ದ.

ಏನು ಮಾಡಬೇಕೆಂದು ಅವಳಿಗೆ ಬಾಯಿಪಾಠವಾಗಿತ್ತು. ಆ ಕರಪತ್ರವನ್ನು ಅನುವಾದ ಮಾಡಿದವಳೇ ಅವಳು. ಮಗ್ಗುಲಾಗಿಸಿ ಮಲಗಿಸಿ. ತಲೆಯ ಕೆಳಗೆ ಮೆತ್ತಗಿನದು ಇಡಿ. ಬಾಯಿಗೆ ಏನೂ ಹಾಕಬೇಡಿ. ಹಿಡಿದು ಅದುಮಬೇಡಿ. ಗಡಿಯಾರ ನೋಡಿ. ಅಷ್ಟೂ ಮಾಡಿದಳು. ಅಷ್ಟು ಮಾಡಿದ ಮೇಲೆ ಮಾಡಲು ಏನೂ ಉಳಿದಿರಲಿಲ್ಲ, ನೋಡುವುದು ಬಿಟ್ಟು. ಮೂರು ನಿಮಿಷವಾಯಿತು, ನಿಂತಿತು. ಉಸಿರು ಬಿಟ್ಟಳು. ಅವನ ಕಣ್ಣು ತೆರೆಯುವ ಮೊದಲೇ ಮತ್ತೆ ಶುರುವಾಯಿತು. ಬಲಗೈ ಬೆನ್ನ ಹಿಂದೆ ತಿರುಚಿಕೊಂಡು ಮೇಜಿನ ಕಾಲಿಗೆ ಬಡಿಯಿತು, ಲಟಕ್ಕೆಂದ ಸದ್ದು ಅವಳಿಗೆ ಕೇಳಿಸಿತು. ಐದು ನಿಮಿಷ, ಏಳು. ಕೆಳಗೆ ಇಸ್ತ್ರಿ ಅಂಗಡಿಯಾಕೆಗೆ ಕೂಗಿದ್ದು ಅವಳಿಗೆ ನೆನಪಿಲ್ಲ. ಆಮೇಲೆ ಆ ಬೀದಿಯವರು, ಅಂಥ ಕೂಗು ನಾವು ಕೇಳಿರಲಿಲ್ಲ ಎಂದರು.

ನಾಲ್ಕು ಜನ ಬೆಂಚಿನ ಮೇಲೆ ಮಲಗಿಸಿಕೊಂಡು ಮೂರು ಬೀದಿ ಓಡಿದರು. ಗೇಟು ದಾಟುವಾಗ ಅವಳು ತಲೆ ಎತ್ತಲಿಲ್ಲ. ಅವನೆಳೆದ ನೀಲಿ ಗೆರೆಗಳು ಅಲ್ಲೇ ಇದ್ದವು, ಬಿಸಿಲಿಗೆ ಇನ್ನೂ ಮಾಸಿರಲಿಲ್ಲ.

ಸೂಜಿಮದ್ದಿನಿಂದ ಫಿಟ್ಸ್ ನಿಂತಿತು. ಎಚ್ಚರ ಬರಲು ಎರಡು ದಿನ ಹಿಡಿಯಿತು. ಜೀವ ಉಳಿಯಿತು. ಭುಜದ ಮೂಳೆ ಮುರಿದು ಕೀಲು ಹಿಂದಕ್ಕೆ ಸರಿದಿತ್ತು; ಕೂರಿಸಿದರು. ಮೂಳೆ ಡಾಕ್ಟರು ಎಕ್ಸ್‌ರೇ ಪಿಕ್ಚರನ್ನು ಬೆಳಕಿಗೆ ಹಿಡಿದು, “ಊಟ ತಿಂಡಿಗೆ, ಸಣ್ಣಪುಟ್ಟ ಕೆಲಸಕ್ಕೆ ತೊಂದರೆ ಇಲ್ಲ. ಕೈ ಭುಜಕ್ಕಿಂತ ಮೇಲೆ ಎತ್ತೋದು ಮಾತ್ರ ಕಷ್ಟ,” ಎಂದರು. ಏನು ಕೆಲಸ ಮಾಡ್ತಾನೆ ಎಂದು ಕೇಳಿದರು. ಅವಳು ಹೇಳಿದಳು. ಅವರು ಪಿಕ್ಚರನ್ನು ಮತ್ತೊಮ್ಮೆ ನೋಡಿದರು, ಬೇರೆ ಏನಾದರೂ ಕಾಣಬಹುದೇನೋ ಎಂಬಂತೆ. ಕಾಣಲಿಲ್ಲ.

ಐದನೆಯ ದಿನ ಸ್ಟೋರಿನವನು ವಾರ್ಡಿಗೆ ಓಡಿ ಬಂದ. ಏದುಸಿರು. ಅಂಗಿಯ ಜೇಬು ಉಬ್ಬಿತ್ತು. “ಬಂತಕ್ಕ! ಲಾರಿ ತುಂಬ ಬಂದಿದೆ. ಅರವತ್ತು ಡಬ್ಬ!” ಎಂದು ಪಟ್ಟಿಗಳನ್ನು ಮಂಚದ ಮೇಲೆ ಸುರಿದ. ಸುರಿದವನು ಅಕ್ಕನ ಮುಖ ನೋಡಿ, ತಮ್ಮನ ಕಟ್ಟು ಹಾಕಿದ ಭುಜ ನೋಡಿ, ಸುರಿದದ್ದನ್ನು ಮತ್ತೆ ಹೊಂದಿಸಿ ಜೋಡಿಸತೊಡಗಿದ. ಬಹಳ ಹೊತ್ತು ಜೋಡಿಸಿದ. ಫ್ಯಾಕ್ಟರಿಯಲ್ಲಿ ಕೆಟ್ಟದ್ದು ಯಾವುದೋ ಒಂದು ಸಣ್ಣ ಬಿಡಿಭಾಗವಂತೆ. ಅದು ಬೇರೆ ದೇಶದಿಂದ ಬರಬೇಕಿತ್ತಂತೆ. ಯಾರ ಮೇಲೆ ಸಿಟ್ಟಾಗಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮನೆಗೆ ಕರೆದುಕೊಂಡು ಬಂದ ಮರುದಿನ ಮಧ್ಯಾಹ್ನ ಅವನಿಗೆ ಅನ್ನ ಕಲಸಿ ಕೊಟ್ಟಳು. ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ. ಇನ್ನು ಒಳಗಿಟ್ಟುಕೊಳ್ಳುವುದು ಅವಳಿಂದ ಆಗಲಿಲ್ಲ.

“ನನಗೆ ಗೊತ್ತಿತ್ತು ಕಣೋ,” ಎಂದಳು.

“ಏನು?”

“ಮಾತ್ರೆ ಇಲ್ಲ ಅಂತ. ಬೋರ್ಡ್ ಬರೆಯೋ ಮುಂಚೆನೇ. ಅವತ್ತು ಡಬ್ಬಿ ತೆಗೆದಿದ್ದು ಸೂಜಿ ದಾರಕ್ಕಲ್ಲ.”

ಅವನು ಚಮಚವನ್ನು ತಟ್ಟೆಯಲ್ಲಿಟ್ಟ. ಕಿಟಕಿಯ ಕಡೆ ನೋಡಿದ. ಕೆಳಗೆ ಇಸ್ತ್ರಿ ಪೆ‍ಟ್ಟಿಗೆ ಬಟ್ಟೆಯ ಮೇಲೆ ಜಾರುವ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಒಂದಿಷ್ಟು ಅಳಬಹುದಿತ್ತು.

“ನೀನು ಹೇಳಿದ್ದಿದ್ರೆ ನಾನು ಕೊಡ್ತಿರಲಿಲ್ಲ ಅಕ್ಕ,” ಎಂದ ಅವನು ಕೊನೆಗೆ.

ಅಷ್ಟೇ ಅಂದದ್ದು. ಅದು ತನ್ನ ಮೇಲಿನ ದೂರೇ? ಇಲ್ಲ, ಆ ಹುಡುಗಿಯ ಗಾಯದ ಹಣೆಯನ್ನು ನೆನೆದು, ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದನೇ? ಹತ್ತೊಂಬತ್ತು ವರ್ಷ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ಮಾಡಿ ಬದುಕಿದವಳಿಗೆ ತನ್ನ ತಮ್ಮನ ಈ ಒಂದು ಮಾತು ಬಗೆಹರಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಅವನು ಚಮಚ ಎತ್ತಿಕೊಂಡು, ತಟ್ಟೆಯ ಅಂಚಿಗೆ ಸರಿದ ಅನ್ನವನ್ನು ನಡುವಿಗೆ ತಂದು, ತಿನ್ನುವುದನ್ನು ಮುಂದುವರಿಸಿದ.

ಸೋಮವಾರಕ್ಕೆ ಅವಳ ರಜೆ ಮುಗಿಯಿತು. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕಿದಳು, ಮಾತ್ರೆ ಕೊಟ್ಟಳು, ನೀರು ಕುಡಿಯುವವರೆಗೂ ನಿಂತಳು. ಗಂಟೆಗೊಮ್ಮೆ ಮೇಲೆ ಬಂದು ನೋಡಿಕೊಳ್ಳುತ್ತೇನೆಂದು ಇಸ್ತ್ರಿ ಅಂಗಡಿಯಾಕೆ ಮಾತು ಕೊಟ್ಟಿದ್ದಳು. ಬಾಗಿಲು ಎಳೆದುಕೊಂಡು ಹೊರಟಳು. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲಿನಿಂದ ಏನೋ ಬಿದ್ದ ಸದ್ದಾದಂತಾಯಿತು. ಓಡಿ ಹತ್ತಿ ಬಾಗಿಲು ತಳ್ಳಿದಳು. ಅವನು ಕಿಟಕಿಯ ಬಳಿ ಕೂತಿದ್ದ. “ಏನಕ್ಕ?” ಎಂದ. ಏನಿಲ್ಲ ಎಂದಳು. ಮತ್ತೆ ಇಳಿದಳು. ಅದೇ ಮೆಟ್ಟಿಲಿಗೆ ಬಂದಾಗ ಮತ್ತೆ ಕಾಲು ತಡೆಯಿತು. ಕೆಲಸಕ್ಕೆ ಹೋಗದಿದ್ದರೆ ಆಗದು, ಇವನನ್ನು ಬಿಟ್ಟು ಹೋಗಲೂ ಆಗದು. ಕೈಚೀಲವನ್ನು ಎದೆಗೊತ್ತಿಕೊಂಡು, ಮೇಲಿನ ಬಾಗಿಲಿಗೆ ಕಿವಿಗೊಟ್ಟು, ಅವಳು ಅಲ್ಲೇ ನಿಂತಳು. ಕೆಳಗೆ ಇಸ್ತ್ರಿ ಅಂಗಡಿಯಾಕೆ, “ಹೊತ್ತಾಯ್ತಲ್ಲಮ್ಮ, ನಾನಿದೀನಿ, ಹೋಗಿಬನ್ನಿ,” ಎಂದು ಎರಡು ಸಲ ಕೂಗಿದಳು.